ಜೂನ್ ಒಂದರ ಹೊರತು

ಶಿಲುಬೆಯ ಕಲ್ಲಿಗೆ ಅಳತೆ ಹಿಡಿಯುತ್ತ
ಹುಸೇನಸಾಬ ಕೇಳಿದ:
‘ಮಾಸ್ತರ ಹುಟ್ಟಿದ ತಾರೀಕು ಹೇಳವ್ವ.’
ಸತ್ತದ್ದು ಹೇಳಿದೆ. ಅದು ಮೊನ್ನೆಯದು.
ಹುಟ್ಟಿದ್ದಕ್ಕೆ ನಾಲಿಗೆ ತಡವರಿಸಿತು.

ಟ್ರಂಕಿನ ತಳದಲ್ಲಿ ನಿಜಾಮನ ಕಾಲದ ಶಾಲೆಯ ಕಾಗದ,
ಉರ್ದುವಿನಲ್ಲಿ: ಫಸಲಿ ೧೩೩೮, ಬಹಮನ್ ತಿಂಗಳು,
ದಿನದ ಮೇಲೆ ಶಾಯಿ ಚೆಲ್ಲಿದೆ.
ಮುದಗಲ್ಲಿನ ಚರ್ಚಿನ ದಪ್ಪ ಪುಸ್ತಕದಲ್ಲಿ, ಲ್ಯಾಟಿನ್ನಿನಲ್ಲಿ,
ಜ್ಞಾನಸ್ನಾನದ ದಿನ ಇದೆ, ಹೆಸರು ಇಗ್ನಾಸಿಯುಸ್ ಎಂದಿದೆ,
ಹುಟ್ಟಿದ ದಿನದ ಜಾಗ ಮಾತ್ರ
ಯಾವುದೋ ಪಾದ್ರಿ ಬಿಟ್ಟ ಹಾಗೇ ಖಾಲಿ.
ಕನ್ನಡದಲ್ಲಿ ಯಾರೂ ಬರೆದಿಡಲಿಲ್ಲ,
ಅಜ್ಜಿಯ ಬಾಯಲ್ಲಿತ್ತಷ್ಟೆ: ‘ಸಜ್ಜಿ ಕೊಯ್ಯೂ ಮುಂದ.’

ತೊಂಬತ್ತೈದು ವರ್ಷ ಈ ಖಾಲಿ ಜಾಗ ಹೊತ್ತು ನಡೆದರು ಅಪ್ಪ,
ಇನ್ನಾಸಪ್ಪ ಮಾಸ್ತರು.
ಮಗ್ಗಿ ಉರ್ದುವಿನಲ್ಲಿ, ಸಿಟ್ಟು ಕನ್ನಡದಲ್ಲಿ,
ಜಪಸರದ ಕೊನೆಗೆ ಅರ್ಧಂಬರ್ಧ ಲ್ಯಾಟಿನ್.
ಸಂಜೆ ಏಳಕ್ಕೆ ಶಹಾಬಾದಿ ಕಲ್ಲಿನ ಮೇಲೆ
ನಮ್ಮ ಐದು ಜೋಡಿ ಮೊಣಕಾಲು.
ನಡುವೆ ಸವೇರಿ ತೂಕಡಿಸಿದರೆ
‘ನಮೋ ಮರಿಯೆ’ಯಲ್ಲೇ ದನಿ ಏರಿಸುತ್ತಿದ್ದರು,
ಹೊಡೆಯುತ್ತಿರಲಿಲ್ಲ.

ಉಳಿದ ಹೆಡ್‌ಮಾಸ್ತರರು ಊರಿಗೆಲ್ಲ ಜೂನ್ ಒಂದು ಬರೆದರು.
ಅಪ್ಪ ಬರೆಯಲಿಲ್ಲ.
ಮಗುವನ್ನು ಸೇರಿಸಲು ಬಂದ ತಾಯಿಯನ್ನು ಬೆಂಚಿನ ಮೇಲೆ ಕೂಡಿಸಿ,
‘ಮಳಿ ಇತ್ತೇನವ್ವ? ಬಿಸಿಲಿತ್ತ? ಹೊಲದಾಗ ಏನಿತ್ತು?
ಅಲಾಯಿ ಹಬ್ಬಕ್ಕ ಮೊದಲೊ, ಆಮ್ಯಾಲೊ?’
ಮೊಹರಂ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುವ ಲೆಕ್ಕವನ್ನು
ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಹಾಕಿ
ತಿಂಗಳಿಗೆ ಬಂದು ಮುಟ್ಟುತ್ತಿದ್ದರು.
ದಿನ ಸಿಗದಿದ್ದರೆ ಅಂಗಿ ಜೇಬಿನ ಚರ್ಚ್ ಡೈರಿ ತೆರೆದು
ಆ ತಿಂಗಳ ಒಬ್ಬ ಸಂತರನ್ನು
ಸದ್ದಿಲ್ಲದೆ ಮಗುವಿನ ಜೊತೆ ಕಳಿಸುತ್ತಿದ್ದರು.

ಹೀಗೆ ನಮ್ಮೂರಲ್ಲಿ
ಕಿರಾಣಿಯ ಶರಣಬಸವ ಸಂತ ಅಂತೋಣಿಯ ದಿನ ಹುಟ್ಟಿದ,
ಕುರುಬರ ಹುಲಿಗೆಮ್ಮ ಮಾತೆ ಮರಿಯಮ್ಮನ ಜನ್ಮದಿನದಂದು,
ಕಂಡಕ್ಟರ್ ದುರುಗಪ್ಪ ಸತ್ತವರ ಹಬ್ಬದಂದು.
ಅವಸರದಲ್ಲಿ ಪುಟ ತಪ್ಪಿತೆಂದು ಅಪ್ಪ ಬಹಳ ದಿನ ನೊಂದರು,
ದುರುಗಪ್ಪ ಗಟ್ಟಿಮುಟ್ಟಾಗಿ ನಿವೃತ್ತನಾದ.
ನನಗೆ ತಿಳಿದದ್ದು ನಾನೂ ಅದೇ ಶಾಲೆಗೆ ಟೀಚರಾಗಿ
ರಜಿಸ್ಟರ್ ಬಿಚ್ಚಿದಾಗ. ಕೇಳಿದರೆ,
‘ಹುಟ್ಟಿದ ದಿನ ಒಬ್ಬರಾದ್ರೂ ನೆನಸ್ಲಿ ಅಂತ’ ಎಂದು
ಬೆಳ್ಳುಳ್ಳಿ ಬಿಡಿಸುತ್ತ ಕೂತರು.

ಬೆಳ್ಳುಳ್ಳಿ ಅವ್ವನ ಕೆಲಸವಾಗಿತ್ತು. ಅವಳ ಕೈ ಬಿದ್ದುಹೋದ ಮೇಲೆ
ಆರು ವರ್ಷ ಅವಳ ಜಡೆಯನ್ನೂ ಅವರೇ ಹೆಣೆದರು,
ಮೂರೆಳೆ, ತಪ್ಪಿದರೆ ಬಿಚ್ಚಿ ಮತ್ತೆ,
ಬೋರ್ಡಿನ ಲೆಕ್ಕ ಒರೆಸಿ ಬರೆದಂತೆ.
ಮಾತು ಹೋದ ಲೂರ್ದಮ್ಮ ಕಣ್ಣಲ್ಲೇ ಬೈಯುತ್ತಿದ್ದಳು.
ಭಾನುವಾರ ಫಾದರ್ ಮನೆಗೆ ತಂದ ಪರಮಪ್ರಸಾದ
ಅವಳಿಗೆ ನುಂಗಲಾಗದೆ ಕಾಲು ತುಂಡಾದಾಗ
ಅಪ್ಪ ನನ್ನ ಕಿವಿಯಲ್ಲಿ:
‘ನನ್ನ ಗಣಿತ ಸೋತದ್ದು ಇಲ್ಲಿ ಒಂದ ಕಡೆ.
ಕಾಲೂ ಅಷ್ಟ, ಪೂರ್ತಿನೂ ಅಷ್ಟ.’

ಹುಸೇನಸಾಬ ಉಳಿ ಹಿಡಿದು ಕೂತೇ ಇದ್ದ.
ಬಹಮನ್ ಎಂದೆ. ಸಜ್ಜಿ ಎಂದೆ. ಖಾಲಿ ಎಂದೆ.
ಬೀಡಿ ಆರಿಸಿದ.
‘ನಂದು ಮಾರ್ಚ್ ಹತ್ತೊಂಬತ್ತು, ಮಾಸ್ತರೇ ಕೊಟ್ಟಿದ್ದು.
ಬೇಕಾದ್ರ ಅದನ್ನ ತಗೊ.
ನಾ ಜೂನ್ ಒಂದಕ್ಕ ಹೋಗ್ತೀನಿ.’

ಮಾರ್ಚ್ ಹತ್ತೊಂಬತ್ತು, ಬಡಗಿ ಜೋಸೆಫರ ದಿನ.
ಕಲ್ಲುಕುಟಿಗನ ಮಗನಿಗೆ
ಅಪ್ಪ ಎಷ್ಟು ಹೊತ್ತು ಡೈರಿ ತಿರುವಿರಬೇಕು.
ಬೇಡ ಎಂದೆ, ನಿಂದು ನಿನಗಿರಲಿ.

ಕಲ್ಲಿನ ಮೇಲೆ ಈಗ ಹೆಸರಿದೆ, ಕೆಳಗೆ ‘ಮಾಸ್ತರು’ ಎಂದಿದೆ,
ಸತ್ತ ತಾರೀಕಿದೆ, ಅದಕ್ಕೂ ಮುಂಚೆ
ನಾಲ್ಕು ಬೆರಳಗಲ ಬರೀ ಜಾಗ.
ಅದನ್ನೇ ಹುಸೇನಸಾಬ ಇಡೀ ಮಧ್ಯಾಹ್ನ ಉಜ್ಜಿ ನುಣುಪು ಮಾಡಿದ,
ಕೂಲಿ ಮಾತ್ರ
ಅಕ್ಷರಗಳಿಗಷ್ಟೇ ತಗೊಂಡ.